ರೂಡಿಗೆ ಕಪ್ ಸಿಗಲಿಲ್ಲ, ಸರಿ

ಹಾಸನದ ಓದುಗರೊಬ್ಬರು ಕೇಳಿದ್ದಾರೆ: 'ಜರ್ಮನಿಯ ಫುಟ್‌ಬಾಲ್ ಆಟಗಾರ, ಕೋಚ್ ರೂಡಿ ಫೋಲರ್ ಬಗ್ಗೆ ಅಷ್ಟುದ್ದ ಬರೆದಿರಿ. ಕೋಚ್ ಆಗಿ ಆತ ಒಂದು ಕಪ್ಪನ್ನೂ ಗೆದ್ದಿಲ್ಲ. ಬೆಕೆನ್‌ಬಾವರ್ ಆಡಿಯೂ ಗೆದ್ದರು, ಆಡಿಸಿಯೂ ಗೆದ್ದರು. ಜನಪ್ರಿಯತೆ ಸಾಧನೆಯೇ?'

ಬೆಕೆನ್‌ಬಾವರ್ ವಿಷಯದಲ್ಲಿ ನಿಮ್ಮ ಮಾತು ಒಪ್ಪುತ್ತೇನೆ. ಜರ್ಮನಿ ವಿಶ್ವಕಪ್ ಗೆದ್ದಾಗ 1974ರಲ್ಲಿ ನಾಯಕ, 1990ರಲ್ಲಿ ಕೋಚ್. ಆ ಎತ್ತರಕ್ಕೆ ರೂಡಿ ಏರಲಿಲ್ಲ. ಆದರೆ ಸ್ವಾಮಿ, 1990ರ ಫೈನಲ್‌ನಲ್ಲಿ ಪೆನಾಲ್ಟಿ ಸಿಕ್ಕಿದ್ದು ಯಾರನ್ನು ಬೀಳಿಸಿದ್ದಕ್ಕೆ? ಸಹ ಆಟಗಾರ ಬ್ರೆಮೆ ಗೋಲು ಹೊಡೆದರು, ಬಿದ್ದವರು ರೂಡಿ. ಅಂಕಪಟ್ಟಿ ಮಾತ್ರ ಓದುವವರಿಗೆ ಇದು ಕಾಣುವುದಿಲ್ಲ.

ಅದೇ ವಿಶ್ವಕಪ್‌ನಲ್ಲಿ ಮಿಲಾನ್‌ನ ಪಂದ್ಯ ನೆನಪಿದೆಯಾ? ಹಾಲೆಂಡಿನ ರೈಕಾರ್ಡ್, ರೂಡಿಯ ಗುಂಗುರು ಕೂದಲಿಗೆ ಉಗುಳಿದರು. ಇಬ್ಬರಿಗೂ ರೆಡ್ ಕಾರ್ಡ್. ಹೊರಗೆ ಹೋಗುವಾಗ ರೈಕಾರ್ಡ್ ಮತ್ತೊಮ್ಮೆ ಉಗುಳಿದರು. ರೂಡಿ ಕೈ ಎತ್ತಲಿಲ್ಲ, ಸುಮ್ನೆ ನಡೆದರು. ರೈಕಾರ್ಡ್ ಆಮೇಲೆ ಕ್ಷಮೆ ಕೇಳಿದರು. ಮುಂದೆ ಇಬ್ಬರೂ ಒಟ್ಟಿಗೆ ಬೆಣ್ಣೆಯ ಜಾಹೀರಾತಿನಲ್ಲೂ ಕಾಣಿಸಿಕೊಂಡರು. ಇಂಥ ಮನುಷ್ಯನನ್ನು ಜನ ಇಷ್ಟಪಟ್ಟರೆ ತಪ್ಪೇನು?

2000ದ ಯೂರೋ ಕಪ್‌ನಲ್ಲಿ ಜರ್ಮನಿ ಗುಂಪಿನ ಹಂತದಲ್ಲೇ ಮುಗ್ಗರಿಸಿತ್ತು. ಮುಂದಿನ ಕೋಚ್ ಕ್ರಿಸ್ಟೋಫ್ ಡೌಮ್ ಅಂತ ನಿರ್ಧಾರವಾಗಿತ್ತು. ಅವರು ಬರುವತನಕ ಸಂಭಾಳಿಸಲು ರೂಡಿಯನ್ನು ಕರೆದರು. ಡೌಮ್ ಕೊಕೇನ್ ಹಗರಣದಲ್ಲಿ ಸಿಕ್ಕಿಬಿದ್ದರು, ರೂಡಿ ಉಳಿದುಬಿಟ್ಟರು. 2001ರಲ್ಲಿ ಮ್ಯೂನಿಕ್‌ನಲ್ಲೇ ಇಂಗ್ಲೆಂಡ್ ಎದುರು 1-5ರಿಂದ ಸೋತ ತಂಡ ಅದು. ಮರುವರ್ಷ ಅದನ್ನೇ ವಿಶ್ವಕಪ್ ಫೈನಲ್ ತನಕ ಕರೆದೊಯ್ದರು. ಬ್ರೆಜಿಲ್ ಎದುರು 0-2. ತಂಡದ ಮುಖ್ಯ ಆಟಗಾರ ಬಲ್ಲಾಕ್ ನಿಷೇಧದಿಂದ ಹೊರಗಿದ್ದರು ಅನ್ನೋದನ್ನೂ ಲೆಕ್ಕಕ್ಕೆ ಹಿಡಿಯಿರಿ. ನಿಮಗೆ ಇದು ಬರೀ ಸೋಲು ಅನಿಸಿತೇ?

ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು 2003ರ ಸೆಪ್ಟೆಂಬರ್‌ನ ಆ ರಾತ್ರಿ. ಐಸ್‌ಲ್ಯಾಂಡ್‌ನಲ್ಲಿ 0-0. ಟಿವಿ ಸ್ಟುಡಿಯೋದಲ್ಲಿ ನಿರೂಪಕ ಡೆಲ್ಲಿಂಗ್ ಮತ್ತು ಹಳೆಯ ದಿಗ್ಗಜ ನೆಟ್ಸರ್ ಕೂತು ತಂಡದ ಮಾನ ಕಳೆಯುತ್ತಿದ್ದರು. ಆಟ ನಿಜಕ್ಕೂ ಚೆನ್ನಾಗಿರಲಿಲ್ಲ. ಆದರೆ ರೂಡಿ ಕ್ಯಾಮೆರಾ ಮುಂದೆ ಸಿಡಿದರು. ಈ ಹೊಲಸು ಮಾತು ಇನ್ನು ಕೇಳಲಾರೆ ಎಂದರು. ಎದುರು ಕೂತಿದ್ದ ಟಿವಿ ಸಂದರ್ಶಕ ವಾಲ್ಡೆಮಾರ್ ಹಾರ್ಟ್‌ಮನ್‌ಗೆ, ಮೂರು ಬಿಯರ್ ಕುಡಿದು ಆರಾಮಾಗಿ ಕೂತಿದ್ದೀಯಾ ಎಂದೂ ಹೇಳಿಬಿಟ್ಟರು. ತನ್ನ ಹುಡುಗರ ಪರವಾಗಿ ಎದುರಿಗೇ ನಿಂತ ಕೋಚ್ ಅವರು. ಮರುವರ್ಷ ಯೂರೋದಲ್ಲಿ ಸೋತಾಗ ಯಾರ ಮೇಲೂ ಹೊರೆ ಹಾಕದೆ ರಾಜೀನಾಮೆ ಕೊಟ್ಟರು.

ಈಗ ಎಲ್ಲೆಲ್ಲೂ ಸ್ಟುಡಿಯೋ ಪಂಡಿತರ ಕಾಲ. ನಮ್ಮ ಕ್ರಿಕೆಟ್ ಚರ್ಚೆಗಳೂ ಇದಕ್ಕಿಂತ ಬೇರೆಯಲ್ಲ. ಪಂದ್ಯ ಮುಗಿದ ಹತ್ತೇ ನಿಮಿಷಕ್ಕೆ ಹುಡುಗನೊಬ್ಬನ ಭವಿಷ್ಯ ಮುಗಿಸಿಬಿಡುತ್ತಾರೆ. ಸೋತಾಗ ಜೊತೆಗೆ ನಿಲ್ಲುವವರು ಕಡಿಮೆ, ಬೈಯುವವರು ಜಾಸ್ತಿ. ನಿಮ್ಮ ಪತ್ರದಲ್ಲೂ ಅದೇ ಗಾಳಿ ಬೀಸಿದೆ, ಬೇಜಾರು ಮಾಡ್ಕೋಬೇಡಿ. ಇಷ್ಟು ಶ್ರದ್ಧೆಯಿಂದ ಓದುವ ನಿಮ್ಮಂಥವರು ಆ ಸಾಲಿಗೆ ಸೇರಬಾರದು ಅಂತಲೇ ಇಷ್ಟು ಹೇಳಿದೆ.

2023ರಲ್ಲಿ ಜಪಾನ್ ಎದುರು 1-4ರಿಂದ ಸೋತ ಮೇಲೆ ಜರ್ಮನಿಯ ಕೋಚ್ ಫ್ಲಿಕ್ ಅವರನ್ನು ತೆಗೆದುಹಾಕಿದರು. ಫ್ರಾನ್ಸ್ ಪಂದ್ಯ ಎದುರಿಗೇ ಇತ್ತು. ಆಗ ಜರ್ಮನಿಯವರು ಯಾರ ಕಡೆ ತಿರುಗಿದರು? 63ರ ರೂಡಿ ಕಡೆಗೇ. ಡಾರ್ಟ್‌ಮಂಡ್‌ನಲ್ಲಿ 2-1ರಿಂದ ಗೆದ್ದರು. ಇವರೇ ಮುಂದುವರಿಯಲಿ ಎಂಬ ಮಾತೂ ಎದ್ದಿತ್ತು. ಅವರು ಒಪ್ಪಲಿಲ್ಲ, ಜಾಗ ನಾಗೆಲ್ಸ್‌ಮನ್ ಅವರಿಗೆ ಹೋಯಿತು.

-ಸಂ.