ಅನುಭವಿ ಡೆವಲಪರ್‌ಗಳಿಂದ ಕಲಿಯಲು ಕಲಬುರಗಿ ಬಿಟ್ಟು ಬೆಂಗಳೂರಿಗೆ ಹೋಗಲೇಬೇಕೇ?

ಹೋಗಬೇಕಾಗಿಲ್ಲ. ಕಲಬುರಗಿಯಲ್ಲಿ ಡೆವಲಪರ್‌ಗಳ ಸಮುದಾಯವೇ ಇಲ್ಲ, ಕೋಡ್ ನೋಡಿ ತಿದ್ದುವವರಿಲ್ಲದೆ ಒಬ್ಬರೇ ದುಡಿಯುತ್ತಿದ್ದೀರಿ ಎಂದು ನೀವು ಬರೆದದ್ದನ್ನು ಓದಿದಾಗ, ಇಲ್ಲಿನ ಗಂಜಿನ (ಸಗಟು ಧಾನ್ಯ ಮಾರುಕಟ್ಟೆಯ) ಅಡತ್ (ದಲ್ಲಾಳಿ) ಅಂಗಡಿಯೊಂದಕ್ಕೆ ಆವಕ, ತೂಕ ಮತ್ತು ದರಗಳ ಲೆಕ್ಕದ ತಂತ್ರಾಂಶ ಬರೆಯುತ್ತಿದ್ದ ನನ್ನ ದಿನಗಳು ನೆನಪಾದವು.

ಆ ತಂತ್ರಾಂಶದಲ್ಲಿ ‘ಕಡಲೆ’ ಎಂದು ಹುಡುಕಿದರೆ ಎಲ್ಲ ದಾಖಲೆಗಳೂ ಸಿಗುತ್ತಿದ್ದವು. ‘ತೊಗರಿ’ ಎಂದರೆ ಹಳೆಯ ಕಡತಗಳಿಂದ ತಂದವು ಸಿಗುತ್ತಿರಲಿಲ್ಲ. ತೊಗರಿಯ ನಾಡಿನಲ್ಲಿ ತೊಗರಿಯೇ ಸಿಗದ ತಂತ್ರಾಂಶವನ್ನು ಯಾರು ಒಪ್ಪುತ್ತಾರೆ? ನಾನು ಪರದೆಯ ಚಿತ್ರ ತೆಗೆದು, ಬೆಂಗಳೂರಿನ ಹಿರಿಯ ಪರಿಚಿತರೊಬ್ಬರಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿ, ಅವರ ಉತ್ತರಕ್ಕೆ ಕಾಯುತ್ತ ಕುಳಿತೆ.

ನನಗೆ ದುಬಾರಿಯಾದದ್ದು ಇದೇ. ಕಂಪ್ಯೂಟರ್‌ನಲ್ಲಿ ಪ್ರತಿ ಅಕ್ಷರ, ಚಿಹ್ನೆಗೆ ಸಂಕೇತ ಕೊಡುವ ಯುನಿಕೋಡ್ ಪದ್ಧತಿಯಲ್ಲಿ ‘ತೊ’ ಅಕ್ಷರದ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ‘ಎ’ಕಾರ ಮತ್ತು ‘ಊ’ಕಾರದ ಚಿಹ್ನೆಗಳ ಜೋಡಿಯಾಗಿಯೂ ಬರೆಯಬಹುದು. ಎರಡೂ ಪರದೆಯ ಮೇಲೆ ಒಂದೇ ರೀತಿ ಕಾಣುತ್ತವೆ, ಆದರೆ ಕಂಪ್ಯೂಟರ್ ಹೋಲಿಸುವುದು ಸಂಕೇತಗಳನ್ನಾದ್ದರಿಂದ ಅದಕ್ಕೆ ಅವು ಬೇರೆ ಬೇರೆ ಪದಗಳು. ಚಿತ್ರದಲ್ಲಿ ಆಕಾರವಿರುತ್ತದೆಯೇ ಹೊರತು ಸಂಕೇತಗಳಿರುವುದಿಲ್ಲ. ಹಾಗಾಗಿ ಆ ಹಿರಿಯರು ಎಷ್ಟೇ ಬಲ್ಲವರಾಗಿದ್ದರೂ ನಾನು ಕಳುಹಿಸಿದ ಚಿತ್ರದಲ್ಲಿ ದೋಷ ಅವರಿಗೆ ಕಾಣುವಂತೆಯೇ ಇರಲಿಲ್ಲ. ಒಬ್ಬರನ್ನೇ ಖಾಸಗಿಯಾಗಿ ಕೇಳಿದ್ದರಿಂದ, ತಮಿಳು, ಮಲಯಾಳಂ, ಬಂಗಾಳಿ ಲಿಪಿಗಳಲ್ಲಿ ಇದೇ ತೊಡಕನ್ನು ಎದುರಿಸಿದವರ ಕಣ್ಣಿಗೂ ನನ್ನ ಪ್ರಶ್ನೆ ಬೀಳಲಿಲ್ಲ. ಸುಗ್ಗಿಯ ಆವಕ ಶುರುವಾಯಿತು, ಅಂಗಡಿಯವರು ಕೆಲಸವನ್ನು ಬೇರೆಯವರಿಗೆ ವಹಿಸಿದರು.

ಆಮೇಲೆ ಎರಡು ‘ತೊಗರಿ’ಗಳನ್ನೂ ಪಠ್ಯವಾಗಿಯೇ, ನಾಲ್ಕು ಸಾಲಿನ ಕೋಡ್ ಸಹಿತ, ಅಂತರಜಾಲದಲ್ಲಿ ಎಲ್ಲರಿಗೂ ಕಾಣುವಂತೆ ಹಾಕಿದೆ. ಮಲಯಾಳಂ ತಂತ್ರಾಂಶ ಬರೆಯುವ ಅಪರಿಚಿತರೊಬ್ಬರು ಉತ್ತರಿಸಿದರು: ದಾಖಲೆಯನ್ನು ಉಳಿಸುವಾಗಲೂ ಹುಡುಕುವಾಗಲೂ ಪಠ್ಯವನ್ನು, ಇಂಥ ಜೋಡಿ ಚಿಹ್ನೆಗಳನ್ನು ಒಂದೇ ಸಂಕೇತವಾಗಿಸುವ ಎನ್‌ಎಫ್‌ಸಿ ಎಂಬ ಯುನಿಕೋಡ್ ರೂಪಕ್ಕೆ ತನ್ನಿ. ಅಷ್ಟೇ ಸಾಕಾಯಿತು.

ಆದ್ದರಿಂದ ‘ಇಲ್ಲಿ ಸಮುದಾಯವೇ ಇಲ್ಲ’ ಎಂಬ ನಿಮ್ಮ ಮಾತನ್ನು ನಾನು ಒಪ್ಪುವುದಿಲ್ಲ. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ಆರಂಭಿಸಿದ, ಯಾರು ಬೇಕಾದರೂ ಕೋಡ್ ನೋಡಿ ತಿದ್ದಬಹುದಾದ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆ ಬೆಳೆದದ್ದು ಪರಸ್ಪರ ಮುಖ ನೋಡದವರ ಇಮೇಲ್‌ಗಳಿಂದ. ಅದೇ ಕೆಲಸಕ್ಕಾಗಿ ಅವರು 2005ರಲ್ಲಿ ಬರೆದ, ಕೋಡ್‌ನ ಬದಲಾವಣೆಗಳನ್ನು ದಾಖಲಿಸಿಡುವ ಗಿಟ್ ಎಂಬ ತಂತ್ರಾಂಶದಿಂದಾಗಿ, ಯೋಜನೆಯೊಂದರ ಪೂರ್ತಿ ಇತಿಹಾಸ ನಿಮ್ಮ ಲ್ಯಾಪ್‌ಟಾಪ್‌ಗೂ ಇಳಿಯುತ್ತದೆ. ಯಾವ ಸಾಲನ್ನು ಯಾರು, ಏಕೆ ಬದಲಿಸಿದರು ಎಂದು ಓದುವುದೇ ದೊಡ್ಡ ಪಾಠ. ಸಂಬಳಕ್ಕಾಗಿ ಬೆಂಗಳೂರಿಗೆ ಹೋಗುವುದಾದರೆ ಖಂಡಿತ ಹೋಗಿ, ಅದು ಬೇರೆ ಮಾತು.

ನಿಮ್ಮನ್ನು ಈಗ ಕಾಡುತ್ತಿರುವ ದೋಷ ಯಾವುದೇ ಇರಲಿ, ಅದನ್ನು ಮರುಕಳಿಸಬಲ್ಲ ಅತಿ ಚಿಕ್ಕ ಕೋಡನ್ನು ಬೇರ್ಪಡಿಸಿ, ನೀವು ನಿರೀಕ್ಷಿಸಿದ್ದೇನು, ಬಂದದ್ದೇನು, ಆಗಲೇ ಏನೇನು ಪ್ರಯತ್ನಿಸಿದಿರಿ ಎಂಬುದನ್ನು ಪಠ್ಯವಾಗಿ ಬರೆದು ಬಹಿರಂಗವಾಗಿ ಕೇಳಿ. ಪರಿಹಾರ ಸಿಕ್ಕ ಮೇಲೆ ‘ಸರಿಹೋಯಿತು, ಧನ್ಯವಾದ’ ಎಂದು ನಿಲ್ಲಿಸದೆ, ಹೇಗೆ ಸರಿಹೋಯಿತೆಂದು ಅದೇ ಪ್ರಶ್ನೆಯ ಕೆಳಗೆ, ಸಾಧ್ಯವಾದರೆ ಕನ್ನಡದಲ್ಲೂ, ಬರೆದಿಡಿ.