ಅಣ್ಣನ ನೋಟ್‌ಬುಕ್ಕಿನಲ್ಲಿ ನಿನ್ನ ಎರಡು ತಿಂಗಳು

ತಂಗಿ,

ನಾಲ್ಕು ಪುಟದ ಪತ್ರ ಬರೆದಿದ್ದೀಯ, ಅದರಲ್ಲಿ ಮೂರು ಪುಟ ಬರೀ ಸೋದರಮಾವನ ಮೇಲಿನ ಸಿಟ್ಟು. ಊರು ಚಳ್ಳಕೆರೆ ಹತ್ತಿರದ ಹಳ್ಳಿ, ಓದು ದಾವಣಗೆರೆಯಲ್ಲಿ, ಬಿ.ಎಸ್ಸಿ. ನಾಲ್ಕನೇ ಸೆಮಿಸ್ಟರ್. ಪರೀಕ್ಷೆ ಮುಗಿದ ಮೇಲೆ ಎರಡು ತಿಂಗಳು ಲ್ಯಾಬಿಗೆ ಬಾ ಅಂತ ಮೈಕ್ರೋಬಯಾಲಜಿ ಮೇಡಂ ಕರೆದಿದ್ದಾರೆ. ಶೇಂಗಾ ಬೇರಿನ ಮಣ್ಣಿನಲ್ಲಿ ರಂಜಕ (ಫಾಸ್ಫರಸ್) ಕರಗಿಸುವ ಬ್ಯಾಕ್ಟೀರಿಯಾ ಹುಡುಕುವ ಕೆಲಸ. ಸಂಬಳವಿಲ್ಲ. ಅಪ್ಪ ಬಿತ್ತನೆಗೆ ಬಾ ಅಂತಾರೆ. ಮಾವ ಬ್ಯಾಂಕ್ ಪರೀಕ್ಷೆ ಕೋಚಿಂಗಿಗೆ ಸೇರು, ಲ್ಯಾಬಿನಲ್ಲಿ ಬಾಟಲಿ ತೊಳೆಸ್ತಾರೆ ಅಷ್ಟೇ ಅಂತಾರೆ. ಹೋಗಲೋ ಬೇಡವೋ ಅಂತ ಕೇಳಿದ್ದೀಯ.

ಹೋಗು. ಅದರಲ್ಲಿ ಯೋಚಿಸುವಂಥದ್ದೇನಿಲ್ಲ. ನನ್ನ ಕಣ್ಣು ನಿಂತದ್ದು ಮೂರನೇ ಪುಟದ ಒಂದು ಸಾಲಿನ ಮೇಲೆ: "ಅಲ್ಲಿ ಪಿಎಚ್.ಡಿ. ಮಾಡೋ ಅಣ್ಣ ಒಬ್ರು ಇದಾರೆ, ನೀನು ಬೇರೆ ನೋಟ್‌ಬುಕ್ ಇಡೋದು ಬೇಡ, ರೀಡಿಂಗ್ ಎಲ್ಲಾ ನಂದರಲ್ಲೇ ಬರೆದುಬಿಡು ಅಂದ್ರು." ಇಷ್ಟು ಬರೆದು ಮತ್ತೆ ಮಾವನ ಕಡೆ ಹೊರಳಿದ್ದೀಯ. ಪತ್ರ ಬರೆಯಬೇಕಾದದ್ದೇ ಈ ಅಣ್ಣನ ಬಗ್ಗೆ.

ಮಾವನ ಲೆಕ್ಕ ಮೊದಲು ಮುಗಿಸಿಬಿಡೋಣ. ಬ್ಯಾಂಕ್ ನೇಮಕಾತಿಯ ಐಬಿಪಿಎಸ್ ಪರೀಕ್ಷೆಯಲ್ಲಿ ಕ್ಲರ್ಕ್, ಪಿಒ (ಅಧಿಕಾರಿ ಹುದ್ದೆ) ಎರಡಕ್ಕೂ ಪದವಿ ಮುಗಿದಿರಬೇಕು. ನಾಲ್ಕನೇ ಸೆಮಿಸ್ಟರಿನ ಹುಡುಗಿ ಈಗ ಅರ್ಜಿಯನ್ನೇ ಹಾಕುವಂತಿಲ್ಲ. ಬಾಟಲಿ ಮಾತ್ರ ನಿಜ, ತೊಳೆಸ್ತಾರೆ. ತೊಳೆಸಲೇಬೇಕು. ರಂಜಕ ಅಳೆಯುವ ಗಾಜಿಗೆ ಮಾಮೂಲಿ ಸೋಪಿನ ಪುಡಿ ಹಾಕಿದರೆ ಅದರಲ್ಲಿರಬಹುದಾದ ಫಾಸ್ಫೇಟೇ ನಿನ್ನ ರೀಡಿಂಗಿನಲ್ಲಿ ಬಂದು ಕೂರುತ್ತದೆ. ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ನೆನೆಸಿ, ಡಿಸ್ಟಿಲ್ಡ್ ವಾಟರಿನಲ್ಲಿ ಜಾಲಾಡಿಸಬೇಕು. ಬಾಟಲಿ ತೊಳೆಯಲು ಬಾರದವರ ರೀಡಿಂಗನ್ನು ಯಾರೂ ನಂಬುವುದಿಲ್ಲ.

ಈಗ ನೋಟ್‌ಬುಕ್. ನೀನು ಬಳಸಲಿರುವುದು ಪಿಕೊವ್‌ಸ್ಕಾಯಾ ಅಗರ್, ಅಂದರೆ ಬ್ಯಾಕ್ಟೀರಿಯಾ ಬೆಳೆಸಲು ಗಾಜಿನ ತಟ್ಟೆಗೆ (ಪ್ಲೇಟಿಗೆ) ಸುರಿಯುವ, ಆರಿದ ಮೇಲೆ ಗಟ್ಟಿಯಾಗುವ ಆಹಾರ. ಅದರಲ್ಲಿ ಲೀಟರಿಗೆ 5 ಗ್ರಾಂ ಟ್ರೈಕ್ಯಾಲ್ಸಿಯಂ ಫಾಸ್ಫೇಟ್ ಇರುತ್ತದೆ. ಅದು ನೀರಿನಲ್ಲಿ ಕರಗದು, ಅದಕ್ಕೇ ಪ್ಲೇಟು ಹಾಲಿನ ಹಾಗೆ ಕಾಣುತ್ತದೆ. ಬ್ಯಾಕ್ಟೀರಿಯಾ ಆಮ್ಲ ಬಿಟ್ಟು ಅದನ್ನು ಕರಗಿಸಿದ ಕಡೆ ಕಾಲನಿಯ (ಬ್ಯಾಕ್ಟೀರಿಯಾ ಗುಂಪಾಗಿ ಬೆಳೆದ ಚುಕ್ಕೆಯ) ಸುತ್ತ ತಿಳಿಯಾದ ಉಂಗುರ ಮೂಡುತ್ತದೆ. ಆಟೋಕ್ಲೇವಿನಲ್ಲಿ (ಹಬೆಯ ಒತ್ತಡದಲ್ಲಿ ಕ್ರಿಮಿ ಕೊಲ್ಲುವ ಪಾತ್ರೆ) 121 ಡಿಗ್ರಿಗೆ 15 ನಿಮಿಷ ಇದ್ದು ಬಂದ ಫ್ಲಾಸ್ಕು 50 ಡಿಗ್ರಿಗೆ ಆರುವಷ್ಟರಲ್ಲಿ ಆ ಬಿಳಿ ಪುಡಿ ತಳ ಸೇರಿರುತ್ತದೆ. ಪ್ರತಿ ಪ್ಲೇಟಿಗೂ ಮುಂಚೆ ಫ್ಲಾಸ್ಕನ್ನು ನಿಧಾನಕ್ಕೆ ತಿರುವಿ ಸುರಿಯಬೇಕು, ಗುಳ್ಳೆ ಏಳಬಾರದು. ತಿರುವದೆ ಸುರಿದರೆ ಮೊದಲ ಪ್ಲೇಟು ತೆಳು ಮಜ್ಜಿಗೆ, ಕೊನೆಯದು ಸುಣ್ಣ ಬಳಿದ ಗೋಡೆ. ತೆಳು ಪ್ಲೇಟಿನಲ್ಲಿ ಸಾಧಾರಣ ಬ್ಯಾಕ್ಟೀರಿಯಾವೂ ದೊಡ್ಡ ಉಂಗುರ ಬಿಟ್ಟು ಮೆರೆಯುತ್ತದೆ. ಯಾವ ಪ್ಲೇಟು ಎಷ್ಟನೆಯದಾಗಿ ಸುರಿದದ್ದು ಅಂತ ಸುರಿದ ಕೈಗೆ ಮಾತ್ರ ಗೊತ್ತು.

ಅಳತೆಯದ್ದೂ ಇದೇ ಕಥೆ. ಕಾಲನಿ 5 ಮಿ.ಮೀ., ಉಂಗುರದ ಹೊರ ಅಂಚಿನಿಂದ ಹೊರ ಅಂಚಿಗೆ 15 ಮಿ.ಮೀ. ಇದೆ ಅನ್ನು. ಒಬ್ಬರು 15ನ್ನು 5ರಿಂದ ಭಾಗಿಸಿ, ಕರಗಿಸುವ ಶಕ್ತಿಯ ಸೂಚ್ಯಂಕ 3 ಅಂತಾರೆ. ಇನ್ನೊಬ್ಬರು 15ಕ್ಕೆ ಕಾಲನಿಯ 5 ಕೂಡಿಸಿ, ಆಮೇಲೆ 5ರಿಂದ ಭಾಗಿಸಿ 4 ಅಂತಾರೆ. ಪ್ಲೇಟು ಒಂದೇ, ಉತ್ತರ ಎರಡು. ಅಣ್ಣನ ಪುಸ್ತಕದ ಕಾಲಂನಲ್ಲಿ ನೀನು "15" ಅಂತ ಬರೆದು ಬಂದರೆ, ಅದು ಕಾಲನಿ ಸೇರಿಸಿ ಅಳೆದದ್ದೋ ಬಿಟ್ಟು ಅಳೆದದ್ದೋ ಅಂತ ಆರು ತಿಂಗಳಾದ ಮೇಲೆ ಹೇಳುವವರಿಲ್ಲ. ಫಲಿತಾಂಶ ಚೆನ್ನಾಗಿ ಬಂದರೆ ಅದು ಅಣ್ಣನ ಥೀಸಿಸ್. ಮತ್ತೆ ಮಾಡಿದಾಗ ಬರದಿದ್ದರೆ, "ಆ ಬಿ.ಎಸ್ಸಿ. ಹುಡುಗಿ ಏನೋ ಎಡವಟ್ಟು ಮಾಡಿದಾಳೆ."

ಅಣ್ಣ ಕೆಟ್ಟವನೇ ಇರಬೇಕೆಂದಿಲ್ಲ, ಸೋಮಾರಿಯೂ ಇರಬಹುದು. ಹಾಗಂತ ಅವನ ಮೇಲೆ ನನಗೆ ಮರುಕವೇನೂ ಇಲ್ಲ. ನಿನ್ನ ಕೈಯಲ್ಲಿ ಕೆಲಸ ಮಾಡಿಸಿ, ನಿನ್ನ ಗುರುತೇ ಇಲ್ಲದ ಪುಟದಲ್ಲಿ ಬರೆಸುವುದು ತಪ್ಪು ಅಂತ ಪಿಎಚ್.ಡಿ.ವರೆಗೆ ಬಂದವನಿಗೆ ಗೊತ್ತಿರಬೇಕು. ಮೇಡಂಗೆ ಇದು ಗೊತ್ತಿರಲಿಕ್ಕಿಲ್ಲ. ಗೊತ್ತು ಮಾಡಿಸುವುದು ನಿನ್ನ ಕೆಲಸ.

ಅಪ್ಪನ ಮಾತು ಬೇರೆ. ಮಾವನಿಗೆ ಬೇಕಾದದ್ದು ಉಪದೇಶ ಮಾಡಲು ಒಬ್ಬರು, ಅಪ್ಪನಿಗೆ ಬೇಕಾದದ್ದು ಆಳು. ಬೀಜದ ಶೇಂಗಾ ಸುಲಿಯುವುದು ಮಳೆಗೆ ಮುಂಚೆಯೇ ಮುಗಿಯುವ ಕೆಲಸ, ಲ್ಯಾಬಿಗೆ ಸೇರುವ ಮೊದಲೇ ಊರಿಗೆ ಹೋಗಿ ಮುಗಿಸಿ ಬಾ. ಬಿತ್ತನೆಯ ದಿನ ಮಳೆಯ ಕೈಲಿದೆ, ಪ್ಲೇಟು ಮಾತ್ರ ಕಾಯುವುದಿಲ್ಲ. 28-30 ಡಿಗ್ರಿಯಲ್ಲಿಟ್ಟ ಪ್ಲೇಟಿನ ಉಂಗುರವನ್ನು ಏಳು ದಿನ, ದಿನಾ ಅದೇ ಹೊತ್ತಿಗೆ ಅಳೆಯಬೇಕು. ಮೂರನೇ ದಿನ ಬಸ್ಸು ಹತ್ತಿದರೆ ಆ ಬ್ಯಾಚ್ ಕಸದ ಬುಟ್ಟಿಗೇ. ಹಾಗಾಗಿ ಊರಲ್ಲಿ ಮೋಡ ಕಟ್ಟಿದೆ ಅಂತ ಫೋನ್ ಬಂದ ಮೇಲೆ ಹೊಸ ಪ್ಲೇಟು ಹಾಕಬೇಡ. ಸಿಕ್ಕ ಬ್ಯಾಕ್ಟೀರಿಯಾಗಳನ್ನು ಸ್ಲಾಂಟಿಗೆ (ಅಗರನ್ನು ಓರೆಯಾಗಿ ಹೆಪ್ಪುಗಟ್ಟಿಸಿದ ಟ್ಯೂಬಿಗೆ) ಹಾಕಿ, ಬೆಳೆದ ಮೇಲೆ ಫ್ರಿಜ್ಜಿನಲ್ಲಿ 4 ಡಿಗ್ರಿಗೆ ಇಟ್ಟು ಹೋಗು, ಒಂದು ವಾರಕ್ಕೆ ಏನೂ ಆಗುವುದಿಲ್ಲ. ಇದನ್ನು ಮೇಡಂಗೆ ಮೊದಲೇ ಹೇಳಿಡು. ಚಿತ್ರದುರ್ಗ ಸೀಮೆಯ ಶೇಂಗಾ ಮೇಲೆ ಕೆಲಸ ಮಾಡುವವರಿಗೆ ಬಿತ್ತನೆ ಅಂದರೇನು ಅಂತ ವಿವರಿಸಬೇಕಾಗಿಲ್ಲ.

ಇನ್ನೊಂದು. ಬೆಂಗಳೂರಿನ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್ ಮತ್ತು ಇನ್ನೆರಡು ಅಕಾಡೆಮಿಗಳು ಸೇರಿ ಕೊಡುವ ಬೇಸಿಗೆ ಸಂಶೋಧನಾ ಫೆಲೋಶಿಪ್ಪಿಗೆ ಶಿಫಾರಸು ಪತ್ರ ಬೇಕು. ನಿನ್ನ ಕೆಲಸ ಕಣ್ಣಾರೆ ನೋಡಿದ ಮೇಡಂ ಬರೆಯುವ ಪತ್ರಕ್ಕೂ, ಹಾಜರಾತಿ ನೋಡಿ ಬರೆಯುವ ಪತ್ರಕ್ಕೂ ಬಹಳ ಅಂತರವಿದೆ.

ಮಾಡಬೇಕಾದ್ದು ಒಂದೇ. ಮಂಡಿಪೇಟೆಗೆ ಹೋಗಿ ರಟ್ಟಿನ ಬೈಂಡಿನ 200 ಪುಟದ ಪುಸ್ತಕ ತಗೋ. ಸ್ಪೈರಲ್ ಬೇಡ, ಹಾಳೆ ಕಿತ್ತರೆ ಗೊತ್ತಾಗುವುದಿಲ್ಲ. ಪುಟಕ್ಕೆಲ್ಲ ನಂಬರ್ ಹಾಕು, ಮೊದಲ ಪುಟದಲ್ಲಿ ನಿನ್ನ ಹೆಸರು, ಕೆಲಸದ ಹೆಸರು, ತಾರೀಖು ಬರೆ. ಬಾಲ್‌ಪೆನ್ನಿನಲ್ಲಿ. ಮೊದಲ ದಿನ ಯಾವ ಫ್ಲಾಸ್ಕೂ ಮುಟ್ಟುವ ಮುಂಚೆ ಮೇಡಂ ರೂಮಿಗೆ ಹೋಗಿ ಹೇಳು: "ಮೇಡಂ, ನಾನು ಇದರಲ್ಲೇ ಬರೀತೀನಿ. ಪುಸ್ತಕ ಲ್ಯಾಬಿಂದು, ಇಲ್ಲೇ ಇರುತ್ತೆ. ಸಂಜೆ ಅವತ್ತಿನ ಪುಟದ ಫೋಟೋ ತಗೊಳ್ಳೋಕೆ ನಿಮ್ಮ ಒಪ್ಪಿಗೆ ಬೇಕು. ಮೊದಲ ಪುಟಕ್ಕೆ ಒಂದು ಸಹಿ ಹಾಕಿ." ಅಣ್ಣನಿಗೆ ರೀಡಿಂಗ್ ಬೇಕಾದರೆ ನಿನ್ನ ಪುಸ್ತಕದಿಂದ ಇಳಿಸಿಕೊಳ್ಳಲಿ.

ಮೇಡಂ ಸಹಿ ಹಾಕಿದರೆ ಅವತ್ತೇ ಕೆಲಸ ಶುರು ಮಾಡು. "ಅದೆಲ್ಲ ಯಾಕಮ್ಮ, ಅವನದರಲ್ಲೇ ಬರಿ" ಅಂದರೆ ನಮಸ್ಕಾರ ಹೇಳಿ ಚಳ್ಳಕೆರೆ ಬಸ್ಸು ಹತ್ತು. ಅಪ್ಪನಿಗೆ ಒಂದು ಆಳು ಉಳಿಯುತ್ತದೆ.