‘ಆ ಗದ್ದೆ ಯಾರದ್ದು ಗೊತ್ತಾ?’: ಅಪ್ಪ, ಮಗ ಮತ್ತು ರಾಜಕೀಯದ ಒಂದು ಪ್ರಕರಣ

ಚುನಾವಣೆ ಫಲಿತಾಂಶ ಬಂದ ಮೇಲಿನ ಕೆಲವು ವಾರ ಆಪ್ತಸಮಾಲೋಚನೆಗೆಂದು ನನ್ನ ಬಳಿ ಒಂದು ಬಗೆಯ ಜನ ಜಾಸ್ತಿ ಬರುತ್ತಾರೆ. 2023ರ ವಿಧಾನಸಭೆ ಚುನಾವಣೆ ಆದಾಗ ಬಂದರು, 2024ರ ಲೋಕಸಭೆ ಚುನಾವಣೆ ಆದಾಗಲೂ ಬಂದರು. ರಾಜಕೀಯದ ಸಮಸ್ಯೆ ಅಂತ ಯಾರೂ ಹೇಳುವುದಿಲ್ಲ. ನಿದ್ದೆ ಬರ್ತಿಲ್ಲ ಅಂತಾರೆ, ಊರಿಗೆ ಹೋಗಲು ಮನಸ್ಸಿಲ್ಲ ಅಂತಾರೆ, ಹಬ್ಬ ಹತ್ತಿರ ಬಂದರೆ ಹೊಟ್ಟೆ ಕಿವುಚುತ್ತದೆ ಅಂತಾರೆ. ಸ್ವಲ್ಪ ಮಾತಾಡಿದ ಮೇಲೆ ಅಪ್ಪನೋ, ಮಾವನೋ, ಮನೆಯವರ ವಾಟ್ಸಾಪ್ ಗ್ರೂಪೋ ಹೊರಗೆ ಬರುತ್ತದೆ.

ಅಂಥ ಒಂದು ಪ್ರಕರಣ ಇಲ್ಲಿದೆ. ಸಂಬಂಧಪಟ್ಟವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ. ಯಾರು ಯಾವ ಪಕ್ಷದವರು ಅಂತ ಬರೆಯುವುದಿಲ್ಲ. ಬರೆದರೆ ಓದುವವರು ಮೊದಲ ಸಾಲಿನಲ್ಲೇ ಒಬ್ಬರ ಪರ ನಿಂತುಬಿಡುತ್ತಾರೆ, ಆಮೇಲೆ ಉಳಿದದ್ದನ್ನು ಓದುವುದೇ ಇಲ್ಲ.

ಮಗನಿಗೆ ಮೂವತ್ತು ದಾಟಿದೆ, ಬೆಂಗಳೂರಿನಲ್ಲಿ ಕೆಲಸ. ಅಪ್ಪ ಉತ್ತರ ಕನ್ನಡದ ಒಂದು ಹಳ್ಳಿಯವರು, ಸೊಸೈಟಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಮಗ ಓದಿಕೊಂಡವನು, ಸಾಮಾಜಿಕ ನ್ಯಾಯದ ಬಗ್ಗೆ ನಿಜವಾದ ಕಾಳಜಿ ಇರುವವನು. ಅಪ್ಪ ದಿನಾ ಬೆಳಿಗ್ಗೆ ಗ್ರೂಪಿಗೆ ಏನಾದರೊಂದು ಫಾರ್ವರ್ಡ್ ಮಾಡುತ್ತಿದ್ದರು, ಮಗ ಅದು ಸುಳ್ಳು ಅಂತ ಅಲ್ಲೇ ತೋರಿಸುತ್ತಿದ್ದ, ಚಿಕ್ಕಪ್ಪ, ಅತ್ತೆ, ಅವರ ಮಕ್ಕಳು ಎಲ್ಲ ನೋಡುತ್ತಿರುವಾಗಲೇ. ಒಂದು ದಿನ ಮಗ ಗ್ರೂಪಿನಲ್ಲಿ ‘ನಿನಗೆ ಬಡವರ ಕಷ್ಟ ಅಂದರೆ ಏನು ಅಂತ ಗೊತ್ತಿಲ್ಲ’ ಅಂತ ಬರೆದ. ಅಪ್ಪ ಗ್ರೂಪು ಬಿಟ್ಟರು. ಅಲ್ಲಿಂದ ಮಾತು ನಿಂತಿತು. ನಡುವೆ ಅಮ್ಮ ಇಬ್ಬರ ಮಾತನ್ನೂ ಹೊತ್ತು ತಿರುಗುತ್ತಿದ್ದರು.

ಮಗನ ಜೊತೆ ಕೆಲವು ಸಲ ಮಾತಾಡಿದೆ. ಅವನು ಕೇಳುತ್ತಿದ್ದದ್ದು ಒಂದೇ: ಸತ್ಯ ಹೇಳಿದರೆ ತಪ್ಪಾ? ತಪ್ಪಲ್ಲ. ಆದರೆ ಯಾವ ಮಾತಿಗೆ ಉತ್ತರ ಕೊಡುತ್ತಿದ್ದೀರಿ ಅಂತ ನಾನು ಕೇಳಿದೆ. ವಾಟ್ಸಾಪ್‌ನಲ್ಲಿ ಜೋಡಿ ಬಾಣದ ಗುರುತು ಇದ್ದರೆ ಆ ಸಂದೇಶ ಎಷ್ಟೋ ಕೈ ದಾಟಿ ಬಂದಿದೆ ಅಂತ ಅರ್ಥ. ಅದನ್ನು ಬರೆದವರು ನಿಮ್ಮ ಅಪ್ಪ ಅಲ್ಲ. ಬರೆದವರು ಯಾರೋ, ಬೈಸಿಕೊಳ್ಳುವವರು ಅಪ್ಪ. ಅಪ್ಪನ ಸ್ವಂತ ಮಾತು ಏನು ಅಂತ ಕೇಳಿದ್ದೀರಾ? ಕೇಳಿರಲಿಲ್ಲ.

ಅಪ್ಪ ಕಣ್ಣಿನ ಪೊರೆ ತೆಗೆಸಲು ಬೆಂಗಳೂರಿಗೆ ಬಂದಾಗ, ಅಮ್ಮನ ಒತ್ತಾಯಕ್ಕೆ ಇಬ್ಬರೂ ಒಟ್ಟಿಗೆ ನನ್ನ ಬಳಿ ಬಂದರು. ಆ ದಿನದ ಮಾತನ್ನೇ ನಾನು ಇಲ್ಲಿ ಹೇಳಬೇಕು.

ಮೊದಲ ಅರ್ಧ ಗಂಟೆ ಹಳೆಯ ಜಗಳವೇ ನಡೆಯಿತು. ನಾನು ತಡೆಯಲಿಲ್ಲ. ಆಮೇಲೆ ಅಪ್ಪನನ್ನು ಕೇಳಿದೆ, “ಸರ್ಕಾರ ಬಡವರ ಹೆಸರಲ್ಲಿ ಏನು ಮಾಡಿದರೂ ನಿಮಗೆ ಸಿಟ್ಟು ಬರುತ್ತದೆ ಅಂತ ಮಗ ಹೇಳುತ್ತಾನೆ. ಈ ಸಿಟ್ಟು ಶುರುವಾಗಿದ್ದು ಯಾವಾಗ?” ಅವರು ಟಿವಿಯ ಸುದ್ದಿ ಹೇಳುತ್ತಾರೆ ಅಂದುಕೊಂಡಿದ್ದೆ. ಅವರು ಮಗನ ಕಡೆ ತಿರುಗಿ, “ತಮಾ, ಶಾಲೆ ಹಿಂದಿನ ಗದ್ದೆ ಯಾರದ್ದು ಗೊತ್ತಾ?” ಅಂತ ಕೇಳಿದರು.

ಮಗನಿಗೆ ಗೊತ್ತಿರಲಿಲ್ಲ. ಯಾರೋ ಊರವರದ್ದು ಅಂದ.

“ನಮ್ಮದಾಗಿತ್ತು. ಒಂದೂವರೆ ಎಕರೆ. ಅಪ್ಪ ಸತ್ತ ಮೇಲೆ ಆಯಿಗೆ (ಅಮ್ಮನಿಗೆ) ಉಳುವುದಕ್ಕೆ ಆಗ್ತಿರಲಿಲ್ಲ, ಗೇಣಿಗೆ ಕೊಟ್ಟಿದ್ದಳು. ಕಾನೂನು ಬಂತು, ಗೇಣಿದಾರ ಡಿಕ್ಲರೇಷನ್ ಹಾಕಿದ. ಟ್ರಿಬ್ಯೂನಲ್‌ನಲ್ಲಿ ವಕೀಲರನ್ನ ಇಟ್ಟುಕೊಳ್ಳುವ ಹಾಗಿರಲಿಲ್ಲ. ಓದು ಬರಹ ಬಾರದ ಆಯಿ ಸಾಹೇಬರ ಮುಂದೆ ನಿಂತು ಎಂತ ಹೇಳ್ತಾಳೆ? ನಾನು ಆರನೇ ಕ್ಲಾಸು, ಪಕ್ಕದಲ್ಲೇ ನಿಂತಿದ್ದೆ. ಸಿಕ್ಕಿದ ಪರಿಹಾರ ಎರಡು ವರ್ಷದ ಅಕ್ಕಿಗೂ ಸಾಕಾಗಲಿಲ್ಲ. ಆಮೇಲೆ ಆಯಿ ಕಂಡವರ ಮನೆ ಅಡುಗೆ ಮಾಡಿ ನಮ್ಮನ್ನ ಸಾಕಿದಳು. ನೀನು ನನಗೆ ಬಡವರ ಕಷ್ಟ ಗೊತ್ತಿಲ್ಲ ಅಂತ ಬರೆದೆ, ಅದೂ ಎಲ್ಲರ ಎದುರಿಗೆ.”

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ ಹೇಳುತ್ತೇನೆ. ದೇವರಾಜ ಅರಸು ಅವರ ಸರ್ಕಾರದ ಭೂಸುಧಾರಣೆ ತಿದ್ದುಪಡಿ ಕಾಯ್ದೆ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ‘ಉಳುವವನೇ ಭೂಮಿಯ ಒಡೆಯ’ ಅನ್ನುವುದು ಅದರ ಘೋಷಣೆ. ಗೇಣಿದಾರರು ಫಾರಂ 7ರಲ್ಲಿ ಅರ್ಜಿ ಹಾಕಿ, ಭೂ ನ್ಯಾಯಮಂಡಳಿಯ ಮುಂದೆ ತಾವು ಉಳುತ್ತಿದ್ದ ಜಮೀನಿನ ಹಕ್ಕು ಪಡೆದರು. ಸೈನಿಕರಂಥ ಕೆಲವರನ್ನು ಬಿಟ್ಟರೆ ಗೇಣಿ ಪದ್ಧತಿಯೇ ಹೋಯಿತು. ತಲೆಮಾರುಗಳ ಕಾಲ ಬೆಳೆದದ್ದನ್ನೆಲ್ಲ ಒಡೆಯನ ಅಂಗಳಕ್ಕೆ ಅಳೆದು ಬರಿಗೈಯಲ್ಲಿ ಮನೆಗೆ ಬರುತ್ತಿದ್ದ ಜನ, ಕರಾವಳಿ ಮಲೆನಾಡಿನಲ್ಲಂತೂ, ಮೊದಲ ಸಲ ತಲೆಯೆತ್ತಿ ನಿಂತಿದ್ದು ಅದರಿಂದ. ಸಾಗರದ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹ ಮಾಡಿದಾಗಿನಿಂದ ಕಾಯುತ್ತಿದ್ದ ನ್ಯಾಯ ಅದು. ಈ ರಾಜ್ಯ ಮಾಡಿದ ಅತಿ ದೊಡ್ಡ ಒಳ್ಳೆಯ ಕೆಲಸಗಳಲ್ಲಿ ಅದೂ ಒಂದು ಅಂತ ನಾನು ನಂಬಿದ್ದೇನೆ, ಆ ದಿನ ಆ ಅಪ್ಪನ ಮುಂದೆಯೂ ಅದನ್ನೇ ಹೇಳಿದೆ. ಅದೇ ಕಾನೂನು ಒಂದೂವರೆ ಎಕರೆಯ ವಿಧವೆಯನ್ನೂ ನೂರಾರು ಎಕರೆಯ ಒಡೆಯನನ್ನೂ ಗೇಣಿ ಜಮೀನಿನ ಹಕ್ಕಿನ ವಿಷಯದಲ್ಲಿ ಒಂದೇ ರೀತಿ ನೋಡಿತು ಅನ್ನುವುದೂ ನಿಜ.

ಮಗ ತುಂಬಾ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, “ಇದನ್ನ ಯಾಕೆ ಒಂದು ಸಲನೂ ಹೇಳಲಿಲ್ಲ ನೀನು?” ಅಂದ.

“ನೀನು ಕೇಳಲಿಲ್ಲ. ನೀನು ಫೋನು ಮಾಡುವುದೇ ತಿಂಗಳಿಗೊಮ್ಮೆ. ಗ್ರೂಪಿನಲ್ಲಿ ಏನಾದ್ರೂ ಹಾಕಿದರೆ ಮಾತ್ರ ಆ ಕ್ಷಣಕ್ಕೆ ನಿನ್ನ ಉತ್ತರ ಬರ್ತದೆ.”

ಈ ಮಾತು ಕೇಳಿ ನನಗೆ ಆ ಮನೆಯ ಬಗ್ಗೆ ಬೇಕಾದಷ್ಟು ತಿಳಿಯಿತು. ಅವರ ನಡುವೆ ಬೇರೆ ಮಾತೇ ಉಳಿದಿರಲಿಲ್ಲ, ಜಗಳ ಒಂದೇ ಉಳಿದಿತ್ತು, ಆದ್ದರಿಂದ ಅಪ್ಪ ಅದನ್ನು ಬಿಡಲು ತಯಾರಿರಲಿಲ್ಲ. ರಾಜಕೀಯ ಮಾತಾಡಬೇಡಿ ಅಂತ ನಾನು ಸಲಹೆ ಕೊಟ್ಟಿದ್ದರೆ ಉಳಿದಿದ್ದ ಆ ಒಂದು ಮಾತೂ ಹೋಗುತ್ತಿತ್ತು.

ನಾನು ಕೊಟ್ಟ ಸಲಹೆ ಹೀಗಿತ್ತು. ಗ್ರೂಪಿನಲ್ಲಿ ಅಪ್ಪನನ್ನು ತಿದ್ದುವುದನ್ನು ಮಗ ನಿಲ್ಲಿಸಬೇಕು. ತಮ್ಮಂದಿರ ಮುಂದೆ, ಅಳಿಯಂದಿರ ಮುಂದೆ ಮಗನ ಕೈಲಿ ಸುಳ್ಳುಗಾರ ಅನ್ನಿಸಿಕೊಂಡ ಅಪ್ಪ ಮಾಹಿತಿ ಸರಿಯಾ ತಪ್ಪಾ ಅಂತ ಯೋಚಿಸುವುದಿಲ್ಲ, ಮಾನ ಉಳಿಸಿಕೊಳ್ಳಲು ನೋಡುತ್ತಾರೆ. ಸುಳ್ಳು ಅಂತ ಖಚಿತವಾಗಿ ಗೊತ್ತಿದ್ದರೆ ಅವರೊಬ್ಬರಿಗೇ ಫೋನು ಮಾಡಿ ಹೇಳಬೇಕು. ವಾರಕ್ಕೆ ಒಂದು ಸಲವಾದರೂ ಮಾತಾಡಬೇಕು, ಅಡಿಕೆ ಕೊಯ್ಲು, ಅಮ್ಮನ ಮಂಡಿನೋವು, ಆಫೀಸಿನ ಕಿರಿಕಿರಿ ಎಲ್ಲ ಬರಲಿ, ರಾಜಕೀಯವೂ ಬರಲಿ. ವಾದ ಬಿಸಿಯಾದರೆ ಇಬ್ಬರಲ್ಲಿ ಯಾರಾದರೂ ‘ಇವತ್ತಿಗೆ ಸಾಕು’ ಅಂದರೆ ಅಲ್ಲಿಗೇ ನಿಲ್ಲಿಸಬೇಕು, ಮಾರನೆಯ ದಿನ ಅದನ್ನು ಸೋಲು ಅಂತ ಎತ್ತಿ ಆಡಬಾರದು.

ಅಪ್ಪನಿಗೂ ಹೇಳಿದೆ. ನಿಮ್ಮ ಆಯಿಗೆ ಆದ ಅನ್ಯಾಯ ನಿಜ, ಆದರೆ ಅದು ಇವತ್ತು ಯಾರೋ ಕಳಿಸುವ ಸುಳ್ಳನ್ನು ನಿಜ ಮಾಡುವುದಿಲ್ಲ. ನಿಮ್ಮ ಗದ್ದೆ ಪಡೆದ ಮನೆಯವರ ಹಸಿವೂ ಹಸಿವೇ. ಫಾರ್ವರ್ಡ್ ಬೇಡ, ಮಗನಿಗೆ ನಿಮ್ಮದೇ ಮಾತಿನಲ್ಲಿ ನಾಲ್ಕು ಸಾಲು ಬರೆಯಿರಿ. ಅವರಿಗೆ ಇಷ್ಟವಾಗಲಿಲ್ಲ. “ನೋಡುವ” ಅಂದು ಎದ್ದರು.

ಇಂಥ ಸಲಹೆಗೆ ನನ್ನನ್ನು ಬೈಯುವವರು ಇದ್ದಾರೆ, ಅವರಿಗೂ ಉತ್ತರ ಹೇಳಬೇಕು. ದೊಡ್ಡವರು ಏನು ಅಂದರೂ ಸಹಿಸಿಕೊಳ್ಳಿ ಅಂತ ಹೇಳುತ್ತಿದ್ದೀರಾ ಅಂತ ಕಿರಿಯರು ಕೇಳುತ್ತಾರೆ. ಹಾಗೆ ನಾನು ಯಾವತ್ತೂ ಹೇಳಿಲ್ಲ. ಅಪ್ಪನ ಅಭಿಪ್ರಾಯದ ಹಿಂದಿನ ಕಥೆ ಕೇಳಿ ಅಂದರೆ ಆ ಅಭಿಪ್ರಾಯ ಒಪ್ಪಿಕೊಳ್ಳಿ ಅಂತ ಅಲ್ಲ. ಈ ಮಗ ಒಪ್ಪಿಕೊಳ್ಳಲಿಲ್ಲ, ನಾನೂ ಒಪ್ಪಿಕೊಳ್ಳಲಿಲ್ಲ. ಆದರೆ ಅವನು ವರ್ಷಗಟ್ಟಲೆ ವಾದ ಮಾಡಿದ್ದು ಟಿವಿ ನೋಡಿ ತಲೆಕೆಟ್ಟ ಮುದುಕನ ಜೊತೆ ಅಂದುಕೊಂಡು. ನಿಜವಾಗಿ ಎದುರಿಗಿದ್ದದ್ದು ಅಮ್ಮನ ಪಕ್ಕ ನಿಂತಿದ್ದ ಆ ಹುಡುಗ. ಅದು ಗೊತ್ತಿಲ್ಲದೆ ಮಾಡಿದ ಯಾವ ವಾದವೂ ಅವರಿಗೆ ತಾಕುವ ಹಾಗೇ ಇರಲಿಲ್ಲ.

ಹಿರಿಯರು ಬೇರೆ ದೂರು ಹೇಳುತ್ತಾರೆ. ಮಕ್ಕಳು, ಸೊಸೆಯಂದಿರು ಮನೆಯ ಯಜಮಾನ ಹೇಳಿದ ಕಡೆ ಓಟು ಹಾಕುವುದು ನಮ್ಮ ಪದ್ಧತಿ, ನೀವು ಮನೆ ಒಡೆಯುತ್ತಿದ್ದೀರಿ ಅಂತ. ಇದರಲ್ಲಿ ನಾನು ಒಂದಿಂಚೂ ಬಗ್ಗುವುದಿಲ್ಲ. 1951ರ ಜನಪ್ರತಿನಿಧಿ ಕಾಯ್ದೆ ಮತದ ಗುಟ್ಟನ್ನು ಕಾಪಾಡಿರುವುದು ಇಂಥ ಒತ್ತಡಗಳಿಂದ ಮತದಾರರನ್ನು ಉಳಿಸುವುದಕ್ಕೇ. ಯಾರಿಗೆ ಹಾಕಿದೆ ಅಂತ ಹೆಂಡತಿ ಗಂಡನಿಗೆ ಹೇಳಬೇಕಾಗಿಲ್ಲ, ಮಗ ಅಪ್ಪನಿಗೆ ಹೇಳಬೇಕಾಗಿಲ್ಲ. ಹೇಳುವುದು ಇಷ್ಟ ಇದ್ದರೆ ಹೇಳಲಿ.

ಈ ಅಪ್ಪ ಮಗ ಈಗ ಹೇಗಿದ್ದಾರೆ ಅಂತ ಕೇಳಿದರೆ, ಜಗಳ ಆಡುತ್ತಾರೆ. ವಿಧವೆಯರ ಜಮೀನನ್ನಾದರೂ ಕಾನೂನು ಬಿಡಬೇಕಿತ್ತು ಅನ್ನುವಷ್ಟರ ಮಟ್ಟಿಗೆ ಮಗ ಅಪ್ಪನ ಜೊತೆ ಒಪ್ಪುತ್ತಾನೆ. ಉಳಿದದ್ದರಲ್ಲಿ ಇಬ್ಬರೂ ಇದ್ದಲ್ಲೇ ಇದ್ದಾರೆ. ಫಾರ್ವರ್ಡ್ ಪೂರ್ತಿ ನಿಂತಿಲ್ಲ. ಫೋನು ಮಾತ್ರ ವಾರ ವಾರ ನಡೆಯುತ್ತಿದೆ.

ಇದನ್ನು ಓದಿ ಎಲ್ಲರೂ ಇವತ್ತೇ ಅಪ್ಪನ ಮುಂದೆ ಹೋಗಿ ಕೂತುಬಿಡಬೇಡಿ. ನನ್ನ ಬಳಿ ಈಗ ಒಬ್ಬಳು ವಿದ್ಯಾರ್ಥಿನಿ ಬರುತ್ತಿದ್ದಾಳೆ. ಅವಳ ಅಭಿಪ್ರಾಯ ಗೊತ್ತಾದರೆ ಮನೆಯಲ್ಲಿ ಓದು ಬಿಡಿಸಿ ಮದುವೆ ಮಾಡುತ್ತಾರೆ ಅನ್ನುವ ಭಯ ಅವಳಿಗಿದೆ, ಅದು ಸುಳ್ಳು ಭಯ ಅಲ್ಲ. ಅವಳಿಗೆ ನಾನು ಅಪ್ಪನ ಕಥೆ ಕೇಳು ಅಂತ ಹೇಳಿಲ್ಲ. ಪರೀಕ್ಷೆ ಮುಗಿಸು, ಕೆಲಸ ಹುಡುಕಿಕೋ, ಅಲ್ಲಿಯವರೆಗೆ ಊಟಕ್ಕೆ ಕೂತಾಗ ರಾಜಕೀಯ ಬಂದರೆ ತಟ್ಟೆ ಎತ್ತಿಕೊಂಡು ಒಳಗೆ ಹೋಗು ಅಂತ ಹೇಳಿದ್ದೇನೆ. ಗಂಡನ ಜಾತಿ, ಧರ್ಮವನ್ನು ಎದುರಿಗೇ ಹೀಯಾಳಿಸುವ ಮನೆಯಿಂದ ಬಂದ ಇನ್ನೊಬ್ಬರಿಗೆ, ‘ಆ ಮಾತು ಬಂದರೆ ನಾನು ಫೋನು ಇಡುತ್ತೇನೆ’ ಅಂತ ಮೊದಲೇ ಹೇಳಿ, ಬಂದ ಕ್ಷಣ ಇಟ್ಟುಬಿಡಿ ಅಂತ ಹೇಳಿದೆ. ಅವರು ಹಾಗೇ ಮಾಡುತ್ತಿದ್ದಾರೆ.